ನಿಶ್ಚಲದ ಕೊಡುಗೆ

ನೆಲದಲ್ಲಿ ಹೂತು ಕುಳಿತ ಬಂಡೆಯೊಂದನ್ನು ಕದಲಿಸಬೇಕಾದಾಗ ಕೆಲಸ ಬಲ್ಲವರು ಮೊದಲು ಬಂಡೆಗೆ ಕೈಹಚ್ಚುವುದಿಲ್ಲ. ಸುತ್ತಮುತ್ತ ಕಣ್ಣಾಡಿಸುತ್ತಾರೆ. ಅಂಗೈಯಗಲದ ಗಟ್ಟಿ ಕಲ್ಲೊಂದನ್ನು ಆಯ್ದು ತರುತ್ತಾರೆ. ಅದನ್ನು ಬಂಡೆಯ ಬುಡದಲ್ಲಿಟ್ಟು, ಕಾಲಿನಿಂದ ಒತ್ತಿ, ಅದು ಅಲುಗಾಡುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಹಾರೆಯ ತುದಿಯನ್ನು ಬಂಡೆಯ ಅಡಿಗೆ ತೂರಿಸಿ, ಆ ಕಲ್ಲಿನ ಮೇಲೆ ಹಾರೆಯನ್ನು ಆನಿಸಿ, ಇತ್ತಲಿನ ತುದಿಯನ್ನು ಮೆಲ್ಲನೆ ಅದುಮುತ್ತಾರೆ. ಮಣ್ಣು ಬಿರಿಯುತ್ತದೆ. ಬಂಡೆ ಏಳುತ್ತದೆ. ನೋಡುವವರ ದೃಷ್ಟಿ ಬಂಡೆಯ ಮೇಲಿರುತ್ತದೆ, ಇಲ್ಲವೆ ಹಾರೆ ಹಿಡಿದ ತೋಳಿನ ಮೇಲಿರುತ್ತದೆ. ನಡುವೆ ಕುಳಿತ ಸಣ್ಣ ಕಲ್ಲನ್ನು ಯಾರೂ ಗಮನಿಸುವುದಿಲ್ಲ. ಅದು ಏರಲಿಲ್ಲ, ಇಳಿಯಲಿಲ್ಲ, ಸದ್ದು ಮಾಡಲಿಲ್ಲ. ಅದು ಇದ್ದಲ್ಲೇ ಇತ್ತು. ಅದು ಇದ್ದಲ್ಲೇ ಇದ್ದುದರಿಂದ ಉಳಿದದ್ದೆಲ್ಲ ಚಲಿಸಿತು.

ಶಾಲೆಯ ವಿಜ್ಞಾನದ ಪಾಠದಲ್ಲಿ ನಾವೆಲ್ಲ ಇದನ್ನು ಓದಿದ್ದೇವೆ. ಹಾರೆ ಅಲ್ಲಿ ಸನ್ನೆಗೋಲು. ಸಣ್ಣ ಕಲ್ಲು ಆನಿಕೆ. ನಿಯಮ ಸರಳವಾದದ್ದು. ಭಾರವನ್ನು ಆನಿಕೆಯಿಂದ ಅದಕ್ಕಿರುವ ದೂರದಿಂದ ಗುಣಿಸಬೇಕು; ಕೈಯ ಬಲವನ್ನು ಆನಿಕೆಯಿಂದ ಕೈಗಿರುವ ದೂರದಿಂದ ಗುಣಿಸಬೇಕು; ಎರಡೂ ಸಮನಾದಾಗ ಭಾರ ತೂಗುತ್ತದೆ. ಒಂದೂವರೆ ಮೀಟರ್ ಉದ್ದದ ಹಾರೆಯಲ್ಲಿ ಬಂಡೆಯ ಕಡೆಗೆ 15 ಸೆಂಟಿಮೀಟರ್, ನಮ್ಮ ಕಡೆಗೆ 135 ಸೆಂಟಿಮೀಟರ್ ಇದ್ದರೆ ನಮ್ಮ ಪಾಲಿನ ಉದ್ದ ಒಂಬತ್ತು ಪಟ್ಟು. ಹಾರೆಯ ಸ್ವಂತ ತೂಕವನ್ನು ಬದಿಗಿಟ್ಟು ನೋಡಿದರೆ, 90 ಕಿಲೋ ಭಾರವನ್ನು 10 ಕಿಲೋ ಒತ್ತಡ ಎತ್ತಿ ಹಿಡಿಯುತ್ತದೆ. ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲ. ಬಂಡೆ 2 ಸೆಂಟಿಮೀಟರ್ ಮೇಲೇಳಬೇಕಾದರೆ ಕೈ 18 ಸೆಂಟಿಮೀಟರ್ ಕೆಳಗಿಳಿಯಬೇಕು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಬೇಕು. ದುರ್ಬಲನಿಗೂ ದೊಡ್ಡ ಭಾರ ಎತ್ತುವ ಅವಕಾಶವನ್ನು ಸೃಷ್ಟಿ ನಿರಾಕರಿಸಿಲ್ಲ. ಅದಕ್ಕೆ ಪ್ರತಿಯಾಗಿ ಅದು ಕೇಳುವುದು ಸಹನೆಯನ್ನು ಮಾತ್ರ.

ಈ ಲೆಕ್ಕದಲ್ಲಿ ಆನಿಕೆಯ ಪಾಲು ಎಷ್ಟು? ಭಾರ ಒಂದು ಕಡೆಯಿಂದ ಕೆಳಗೆ ಒತ್ತುತ್ತಿದೆ. ಕೈ ಇನ್ನೊಂದು ಕಡೆಯಿಂದ ಕೆಳಗೆ ಒತ್ತುತ್ತಿದೆ. ಎರಡೂ ಬಂದು ಸೇರುವುದು ಆ ಸಣ್ಣ ಕಲ್ಲಿನ ಮೇಲೆ. ಬಂಡೆಯ 90, ಕೈಯ 10, ಒಟ್ಟು 100 ಕಿಲೋ ಭಾರವನ್ನು ಹೊತ್ತದ್ದು ಅದು. ಬಂಡೆಗಿಂತಲೂ ಹೆಚ್ಚಿನ ಭಾರ ಅದರದ್ದು. ಆದರೂ ಅದು ಮಾಡಿದ ಕೆಲಸವೆಷ್ಟು ಎಂದು ಕೇಳಿದರೆ ಭೌತಶಾಸ್ತ್ರದ ಉತ್ತರ ಸೊನ್ನೆ. ಏಕೆಂದರೆ ಶಾಸ್ತ್ರದ ಪ್ರಕಾರ ಬಲವನ್ನು ಚಲಿಸಿದ ದೂರದಿಂದ ಗುಣಿಸಿದಾಗ ಬರುವುದೇ ಕೆಲಸ; ಚಲಿಸದಿದ್ದಲ್ಲಿ ಕೆಲಸವಿಲ್ಲ. ಶಾಸ್ತ್ರ ತಪ್ಪು ಹೇಳುತ್ತಿಲ್ಲ. ಅದು ಶಕ್ತಿಯ ವರ್ಗಾವಣೆಯನ್ನು ಅಳೆಯುತ್ತಿದೆ, ಅಷ್ಟೆ. ಆದರೆ ಬದುಕಿನಲ್ಲಿ ನಾವೂ ಅದೇ ಮಾಪನವನ್ನು ಬಳಸುತ್ತೇವೆ ಎಂಬುದು ಯೋಚಿಸಬೇಕಾದ ಸಂಗತಿ. ಕಣ್ಣಿಗೆ ಕಾಣುವಂತೆ ಯಾರು ಚಲಿಸಿದರೋ ಅವರು ದುಡಿದರೆಂದು ಬರೆದುಕೊಳ್ಳುತ್ತೇವೆ. ಯಾರು ಅಲುಗದೆ ಹೊತ್ತರೋ ಅವರ ಹೆಸರಿನ ಮುಂದೆ ಸೊನ್ನೆ ಹಾಕುತ್ತೇವೆ.

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದಲ್ಲಿ ಬಾಳಿದ ಆರ್ಕಿಮಿಡೀಸ್ ಸನ್ನೆಗೋಲಿನ ನಿಯಮವನ್ನು ಗಣಿತದ ಶಿಸ್ತಿನಿಂದ ಸಾಧಿಸಿ ತೋರಿಸಿದ. ನಿಲ್ಲಲು ನೆಲೆಯೊಂದು ದೊರೆತರೆ ಭೂಮಿಯನ್ನೇ ಕದಲಿಸಬಲ್ಲೆನೆಂಬ ಮಾತು ಅವನ ಹೆಸರಿನಲ್ಲಿ ಇಂದಿಗೂ ಪ್ರಚಲಿತವಾಗಿದೆ. ಈ ಮಾತನ್ನು ನಾವು ಸಾಮಾನ್ಯವಾಗಿ ಮನುಷ್ಯನ ಆತ್ಮವಿಶ್ವಾಸದ ಘೋಷಣೆಯಾಗಿ ಕೇಳುತ್ತೇವೆ. ಅದರೊಳಗೆ ಒಂದು ವಿನಯವೂ ಇದೆ. ಅವನು ತನಗೆ ಹೆಚ್ಚಿನ ತೋಳ್ಬಲ ಬೇಕೆಂದು ಕೇಳಲಿಲ್ಲ. ಅವನು ಬೇಡಿದ್ದು ಕದಲದ ನೆಲೆಯನ್ನು. ಭೂಮಿಯನ್ನು ಅಲುಗಿಸಬಲ್ಲವನಿಗೂ ತಾನೇ ನಿರ್ಮಿಸಿಕೊಳ್ಳಲಾಗದ ಒಂದು ಆಸರೆ ಬೇಕು. ನಮ್ಮ ಸಾಧನೆಗಳನ್ನು ಹಿಂದಿರುಗಿ ನೋಡಿದರೆ ಈ ಸತ್ಯ ಸ್ಪಷ್ಟವಾಗುತ್ತದೆ. ನಮ್ಮ ಪರೀಕ್ಷೆ, ನಮ್ಮ ಉದ್ಯೋಗ, ನಮ್ಮ ಪ್ರಯಾಣ, ನಮ್ಮ ಗೆಲುವು ಎಂದು ನಾವು ಎಣಿಸುವ ಪ್ರತಿಯೊಂದರ ಹಿಂದೆಯೂ ಕದಲದೆ ನಿಂತವರೊಬ್ಬರಿದ್ದಾರೆ. ನಾವು ಊರು ಬಿಟ್ಟಾಗ ಅವರು ಊರಿನಲ್ಲಿದ್ದರು. ನಾವು ಬದಲಾದಾಗ ಅವರು ಬದಲಾಗದೆ ಉಳಿದರು. ಅವರು ಅಲ್ಲಿದ್ದಾರೆಂಬ ಭರವಸೆಯಲ್ಲಿ ನಾವು ಹೊರಟೆವು.

ಮನೆಯೊಂದರಲ್ಲಿ ತಂದೆಗೂ ಮಗನಿಗೂ ಮಾತು ಕಡಿದಾಗ ನಡುವೆ ನಿಲ್ಲುವ ತಾಯಿಯನ್ನು ನಾವು ಬಲ್ಲೆವು. ತಂದೆಯ ಅಸಮಾಧಾನ ಅವಳ ಮುಂದೆ ಇಳಿಯುತ್ತದೆ. ಮಗನ ಆಕ್ರೋಶವೂ ಅವಳ ಮುಂದೆಯೇ ಇಳಿಯುತ್ತದೆ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುವಾಗ ಅದರ ಮೊನಚು ಅವಳಲ್ಲಿ ಉಳಿದಿರುತ್ತದೆ. ಎರಡೂ ಕಡೆಯ ಭಾರ ಒಂದೇ ಎದೆಯ ಮೇಲೆ ಬಿದ್ದಿರುತ್ತದೆ. ತಿಂಗಳುಗಳ ನಂತರ ತಂದೆ ಮಗ ಒಟ್ಟಿಗೆ ಕುಳಿತು ಉಂಡಾಗ, ಕಾಲವೇ ಎಲ್ಲವನ್ನೂ ಸರಿಮಾಡಿತೆಂದು ಅವರಿಬ್ಬರೂ ತಿಳಿಯುತ್ತಾರೆ. ಸನ್ನೆಗೋಲಿನ ನಿಯಮದಲ್ಲಿ ಇನ್ನೊಂದು ಸೂಕ್ಷ್ಮವೂ ಅಡಗಿದೆ. ಆನಿಕೆ ಭಾರಕ್ಕೆ ಹತ್ತಿರವಾದಷ್ಟೂ ಎತ್ತುವುದು ಹಗುರವಾಗುತ್ತದೆ, ದೂರವಾದಷ್ಟೂ ಕಠಿಣವಾಗುತ್ತದೆ. ದುಃಖದಲ್ಲಿರುವವರಿಗೆ ನಾವು ದೂರದಿಂದ ಹೇಳುವ ಸಾಂತ್ವನ ಎಷ್ಟೇ ಸುಂದರವಾಗಿದ್ದರೂ ಅವರ ಭಾರ ಅಷ್ಟಾಗಿ ಇಳಿಯುವುದಿಲ್ಲ. ಪಕ್ಕದಲ್ಲಿ ಬಂದು ಸುಮ್ಮನೆ ಕುಳಿತವರಿಂದ ಇಳಿಯುತ್ತದೆ. ಅವರು ಏನೂ ಮಾಡಿರುವುದಿಲ್ಲ. ಹತ್ತಿರವಿದ್ದರು, ಕದಲದೆ ಇದ್ದರು.

ನಮ್ಮ ದೇಹವೂ ಸನ್ನೆಗೋಲುಗಳಿಂದ ಕಟ್ಟಿದ್ದೇ. ಮಡಿಸಿದ ತೋಳಿನಲ್ಲಿ ಮೊಣಕೈ ಆನಿಕೆ. ಕೈಯನ್ನು ಮೇಲೆತ್ತುವ ಸ್ನಾಯು ಮೊಣಕೈಯಿಂದ ನಾಲ್ಕೈದು ಸೆಂಟಿಮೀಟರ್ ಆಚೆಗೆ ಎಲುಬನ್ನು ಹಿಡಿದಿದೆ. ಅಂಗೈ ಸುಮಾರು 35 ಸೆಂಟಿಮೀಟರ್ ದೂರದಲ್ಲಿದೆ. ಆದ್ದರಿಂದ ಒಂದು ಕಿಲೋ ತೂಗುವ ನೀರಿನ ಚೊಂಬನ್ನು ಹಿಡಿದಾಗ, ಆ ಚೊಂಬಿಗಾಗಿಯೇ ಸ್ನಾಯು ಏಳೆಂಟು ಕಿಲೋದಷ್ಟು ಎಳೆಯಬೇಕಾಗುತ್ತದೆ. ಹಾರೆಯಲ್ಲಿ ನಮಗಾದ ಲಾಭ ಇಲ್ಲಿ ನಷ್ಟವಾಗಿ ಕಾಣುತ್ತದೆ. ಆದರೆ ಇದು ನಷ್ಟವಲ್ಲ. ಬೇರೊಂದು ಬಗೆಯ ವಿನಿಮಯ. ಸ್ನಾಯು ಒಂದು ಸೆಂಟಿಮೀಟರ್ ಕುಗ್ಗಿದರೆ ಅಂಗೈ ಏಳೆಂಟು ಸೆಂಟಿಮೀಟರ್ ಚಲಿಸುತ್ತದೆ, ಅದೂ ಅಷ್ಟೇ ಸಮಯದಲ್ಲಿ. ದೇಹ ಬಲವನ್ನು ಕೊಟ್ಟು ವೇಗವನ್ನು ಪಡೆದಿದೆ. ಸೊಂಟ, ಭುಜ, ಮೊಣಕೈ, ಮಣಿಕಟ್ಟು, ಬೆರಳು ಹೀಗೆ ಒಂದರ ತುದಿಗೆ ಇನ್ನೊಂದು ಜೋಡಿಸಿದ ಈ ಸನ್ನೆಗೋಲುಗಳ ಸಾಲು ಒಂದಾದ ಮೇಲೊಂದರಂತೆ ತೆರೆದುಕೊಂಡಾಗ ಹುಟ್ಟುವ ಚಲನೆಗೆ ಚಾವಟಿಯ ಲಕ್ಷಣವಿದೆ. ಅಲ್ಲಿಂದ ನಮ್ಮ ಚಿಂತನೆ ಆನಿಕೆಯನ್ನು ಬಿಟ್ಟು ಚಾವಟಿಯ ಕಡೆಗೆ ಹೊರಳುತ್ತದೆ.

ಚಾವಟಿಯ ಹಿಡಿ ದಪ್ಪ. ಹೆಣೆದ ಬಾರು ಮುಂದೆ ಹೋದಂತೆ ತೆಳ್ಳಗಾಗುತ್ತದೆ. ಕೊನೆಯಲ್ಲಿ ಒಂದು ದಾರದ ಎಳೆ ಮಾತ್ರ ಉಳಿಯುತ್ತದೆ. ಬೀಸಿದಾಗ ಗಾಳಿಯಲ್ಲೇ ಛಟೀರ್ ಎಂಬ ಸದ್ದು ಕೇಳುತ್ತದೆ. ಅದು ಯಾವುದನ್ನೂ ತಾಕಿರುವುದಿಲ್ಲ. ಆ ಸದ್ದು ಎಲ್ಲಿಂದ ಬಂತೆಂಬ ಪ್ರಶ್ನೆ ವಿಜ್ಞಾನಿಗಳನ್ನು ಬಹುಕಾಲ ಕಾಡಿತು. 1958ರಲ್ಲಿ ಪ್ರಕಟವಾದ ಅತಿವೇಗದ ಛಾಯಾಗ್ರಹಣದ ಅಧ್ಯಯನವೊಂದು ಚಾವಟಿಯ ತುದಿ ಶಬ್ದಕ್ಕಿಂತ ವೇಗವಾಗಿ ಚಲಿಸುವುದನ್ನು ತೋರಿಸಿತು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದನ್ನು ಮೀರಿದ ವಸ್ತು ತನ್ನ ಮುಂದಿನ ಗಾಳಿಯನ್ನು ಒತ್ತರಿಸಿ ಆಘಾತ ತರಂಗವನ್ನು ಎಬ್ಬಿಸುತ್ತದೆ. ನಮಗೆ ಕೇಳುವ ಸಿಡಿತ ಅದರದ್ದು. 2002ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಅಲೈನ್ ಗೋರಿಯಲಿ ಮತ್ತು ಟೈಲರ್ ಮೆಕ್‌ಮಿಲೆನ್ ಇದನ್ನು ಗಣಿತದಿಂದ ಇನ್ನಷ್ಟು ವಿಶದಪಡಿಸಿದರು. ಬಾರಿನ ಉದ್ದಕ್ಕೂ ಓಡುವ ಬಾಗಿದ ಕುಣಿಕೆಯೇ ಸಿಡಿತದ ಮೂಲವೆಂದು ಅವರು ತೋರಿಸಿದರು. ಮನುಷ್ಯ ವಿಮಾನವೇರಿ ನೇರ ಹಾರಾಟದಲ್ಲಿ ಶಬ್ದವೇಗವನ್ನು ದಾಟಿದ್ದು 1947ರ ಅಕ್ಟೋಬರ್ 14ರಂದು. ಆ ವೇಗವನ್ನು ಚಾವಟಿಯ ತುದಿ ಅದಕ್ಕೂ ಎಷ್ಟೋ ಶತಮಾನಗಳ ಮೊದಲೇ ದಾಟುತ್ತಿತ್ತು. ದಾಟಿದ್ದು ಯಾರಿಗೂ ತಿಳಿದಿರಲಿಲ್ಲ.

ಈ ವೇಗವನ್ನು ತುದಿಗೆ ಕೊಟ್ಟವರು ಯಾರು? ಹಿಡಿದ ಕೈ ಅಷ್ಟೇನೂ ವೇಗವಾಗಿ ಚಲಿಸಿರುವುದಿಲ್ಲ. ಅದು ಒಮ್ಮೆ ಮುಂದಕ್ಕೆ ಬೀಸಿ, ತಟ್ಟನೆ ನಿಲ್ಲುತ್ತದೆ. ಕೈ ನಿಂತಾಗ ಹಿಡಿ ನಿಲ್ಲುತ್ತದೆ. ಹಿಡಿ ನಿಂತಾಗ ಅದರ ಚೈತನ್ಯ ಮುಂದಿರುವ ಬಾರಿನೊಳಗೆ ಹರಿಯುತ್ತದೆ. ಬಾರು ಬಿಡಿಸಿಕೊಳ್ಳುತ್ತ ಹೋದಂತೆ ಹಿಂದಿನ ಭಾಗ ಒಂದೊಂದಾಗಿ ಸ್ತಬ್ಧವಾಗುತ್ತದೆ. ಇನ್ನೂ ಚಲಿಸುತ್ತಿರುವ ಭಾಗ ಕಡಿಮೆಯಾಗುತ್ತ ಬರುತ್ತದೆ. ಶಕ್ತಿ ಬಹುಪಾಲು ಅಷ್ಟೇ ಇರುತ್ತದೆ, ಅದನ್ನು ಹೊತ್ತ ದ್ರವ್ಯ ಮಾತ್ರ ಕರಗುತ್ತಿರುತ್ತದೆ. ಅದೇ ಶಕ್ತಿಯನ್ನು ನೂರನೆಯ ಒಂದು ಪಾಲು ದ್ರವ್ಯ ಹೊತ್ತಾಗ ವೇಗ ಹತ್ತು ಪಟ್ಟಾಗುತ್ತದೆ. ಕೈ ನಿಲ್ಲದೆ ಮುಂದಕ್ಕೇ ಸಾಗಿದ್ದರೆ ಏನಾಗುತ್ತಿತ್ತು? ಚಾವಟಿ ಕೈಯ ಹಿಂದೆ ಹಗ್ಗದಂತೆ ಎಳೆಸಿಕೊಂಡು ಬರುತ್ತಿತ್ತು. ಕುಣಿಕೆ ಹುಟ್ಟುತ್ತಿರಲಿಲ್ಲ. ಸದ್ದು ಏಳುತ್ತಿರಲಿಲ್ಲ. ಕೈ ತನ್ನ ಚಲನೆಯನ್ನು ತ್ಯಜಿಸಿದ ಕ್ಷಣದಿಂದಲೇ ತುದಿಯ ಚಲನೆ ಆರಂಭವಾಗುತ್ತದೆ. ಸನ್ನೆಗೋಲಿನಲ್ಲಿ ಆನಿಕೆ ಮೊದಲಿನಿಂದ ಕೊನೆಯವರೆಗೂ ನಿಂತಿರುತ್ತದೆ. ಚಾವಟಿಯಲ್ಲಿ ಕೈ ಚಲಿಸಿ ಆಮೇಲೆ ನಿಲ್ಲುತ್ತದೆ. ಎರಡರಲ್ಲೂ ಚಲನೆಗೆ ತಾಯಿಯಾದದ್ದು ನಿಶ್ಚಲತೆ.

ಇದರ ಅತ್ಯಂತ ಸುಂದರ ರೂಪವನ್ನು ನೋಡಬೇಕಾದರೆ ಜಾವೆಲಿನ್ ಎಸೆತವನ್ನು ನೋಡಬೇಕು. 2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ 87.58 ಮೀಟರ್ ದೂರಕ್ಕೆ ಭರ್ಜಿ ಎಸೆದು ಚಿನ್ನ ಗೆದ್ದ ದೃಶ್ಯ ನಮ್ಮೆಲ್ಲರ ಕಣ್ಣಿನಲ್ಲಿದೆ. ಭರ್ಜಿಯ ತೂಕ 800 ಗ್ರಾಂ. ಎಸೆಯುವವರು ಓಡಿಬರುವ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಇಂಥ ಎಸೆತಗಳಲ್ಲಿ ಭರ್ಜಿ ಕೈಬಿಡುವ ವೇಗ 100 ಕಿಲೋಮೀಟರಿಗೂ ಮಿಗಿಲು. ಈ ವ್ಯತ್ಯಾಸ ತೋಳಿನಿಂದ ಮಾತ್ರ ಬಂದದ್ದಲ್ಲ. ಕೊನೆಯ ಹೆಜ್ಜೆಯಲ್ಲಿ ಎಡಗಾಲು ಮುಂದೆ ಚಾಚಿ, ಮಂಡಿ ಮಣಿಯದಂತೆ ನೆಲಕ್ಕೆ ನಾಟುತ್ತದೆ. ಅಷ್ಟು ಹೊತ್ತು ಓಡಿದ ಕಾಲು ಒಂದು ಕ್ಷಣದ ತುಣುಕಿನಲ್ಲಿ ಸ್ತಂಭವಾಗುತ್ತದೆ. ಕಾಲು ನಿಂತಾಗ ಸೊಂಟ ತಿರುಗುತ್ತದೆ. ಸೊಂಟ ತಡೆದಾಗ ಭುಜ ಮುನ್ನುಗ್ಗುತ್ತದೆ. ಭುಜ ತಡೆದಾಗ ಮೊಣಕೈ, ಅದು ತಡೆದಾಗ ಅಂಗೈ. ಪ್ರತಿಯೊಂದು ಅಂಗವೂ ತನ್ನಲ್ಲಿದ್ದುದನ್ನು ಮುಂದಿನದಕ್ಕೆ ಒಪ್ಪಿಸಿ ಹಿಂದೆ ಸರಿಯುತ್ತದೆ. ಆ ಎಡಗಾಲು ಮೃದುವಾಗಿ ಮಡಿಸಿ ಇನ್ನೊಂದು ಹೆಜ್ಜೆ ಓಡಿದ್ದರೆ ಓಟವೇನೋ ಮುಂದುವರಿಯುತ್ತಿತ್ತು. ಭರ್ಜಿ ಅಷ್ಟು ದೂರ ಹೋಗುತ್ತಿರಲಿಲ್ಲ.

ಮೈಸೂರಿನಲ್ಲಿ ಹುಟ್ಟಿದ ಕ್ರಿಕೆಟ್ ಬೌಲರ್ ಬಿ.ಎಸ್. ಚಂದ್ರಶೇಖರ್ ಅವರನ್ನು ಇಲ್ಲಿ ನೆನೆಯದಿರಲು ಸಾಧ್ಯವಿಲ್ಲ. ಎಳವೆಯಲ್ಲೇ ಪೋಲಿಯೊ ತಗುಲಿ ಅವರ ಬಲಗೈ ಕೃಶವಾಯಿತು. ಮೈದಾನದಲ್ಲಿ ಚೆಂಡನ್ನು ಹಿಂದಿರುಗಿಸಲು ಅವರು ಎಡಗೈಯನ್ನೇ ಬಳಸುತ್ತಿದ್ದರು. ಬೌಲಿಂಗಿಗೆ ಮಾತ್ರ ಆ ಕೃಶವಾದ ಬಲಗೈ. ಆ ತೆಳ್ಳಗಿನ ತೋಳು ಚಾವಟಿಯಂತೆ ಬೀಸಿ ಬಂದಾಗ ಸ್ಪಿನ್ ಎಸೆತಕ್ಕೆ ಅಪರೂಪವಾದ ವೇಗ ಚೆಂಡಿಗೆ ದೊರೆಯುತ್ತಿತ್ತೆಂದು ಕ್ರಿಕೆಟ್ ಬಲ್ಲವರು ಹೇಳುತ್ತ ಬಂದಿದ್ದಾರೆ. 1971ರ ಆಗಸ್ಟ್‌ನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅವರು 38 ರನ್ನಿಗೆ ಆರು ವಿಕೆಟ್ ಕಿತ್ತರು; ಇಂಗ್ಲೆಂಡ್ 101 ರನ್ನಿಗೆ ಕುಸಿಯಿತು; ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊದಲ ಟೆಸ್ಟ್ ಗೆಲುವನ್ನು ಕಂಡಿತು. 58 ಟೆಸ್ಟ್‌ಗಳಲ್ಲಿ ಅವರು ಪಡೆದದ್ದು 242 ವಿಕೆಟ್. ಇಡೀ ದೇಹ ಓಡಿಬಂದು, ತಡೆದು, ತನ್ನ ಚೈತನ್ಯವನ್ನೆಲ್ಲ ತನ್ನ ಅತ್ಯಂತ ದುರ್ಬಲ ಅಂಗಕ್ಕೆ ಒಪ್ಪಿಸುತ್ತಿತ್ತು. ಬಲಿಷ್ಠವಾದದ್ದು ತಾನೇ ಮುಂದೆ ನಿಲ್ಲಬೇಕೆಂದು ಹಟ ಹಿಡಿಯದಿದ್ದಾಗ ದುರ್ಬಲವಾದದ್ದು ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಉಜ್ಜ್ವಲವಾದ ನಿದರ್ಶನ ಬೇಕಿಲ್ಲ.

ನಮಗೆ ಓಡುವುದು ಗೊತ್ತು. ನಿಲ್ಲುವುದು ಕಷ್ಟ. ಮಗ ಅಂಗಡಿಯ ಲೆಕ್ಕ ನೋಡಲು ಕುಳಿತಿದ್ದಾನೆ. ನಾವು ಹಿಂದೆ ನಿಂತು ಅವನ ಹೆಗಲ ಮೇಲಿನಿಂದ ಪುಸ್ತಕವನ್ನು ಇಣುಕುತ್ತೇವೆ. ಮಗಳು ಅತಿಥಿಗಳ ಪ್ರಶ್ನೆಗೆ ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಅವಳ ಉತ್ತರವನ್ನು ನಾವು ಹೇಳಿಬಿಡುತ್ತೇವೆ. ವಿದ್ಯಾರ್ಥಿ ತನ್ನದೇ ದಾರಿಯಲ್ಲಿ ಲೆಕ್ಕ ಬಿಡಿಸುತ್ತಿರುವಾಗ ಅವನ ಕೈಯಿಂದ ಸೀಮೆಸುಣ್ಣವನ್ನು ತೆಗೆದುಕೊಳ್ಳುತ್ತೇವೆ. ಸಂಸ್ಥೆಯ ಹೊಣೆಯನ್ನು ಕಿರಿಯರಿಗೆ ವಹಿಸಿದ ಮೇಲೂ ಬೀಗದ ಕೈ ನಮ್ಮ ಸೊಂಟದಲ್ಲೇ ಇರುತ್ತದೆ. ಇದರಲ್ಲಿ ದುರುದ್ದೇಶವಿಲ್ಲ. ಪ್ರೀತಿಯೇ ಇದೆ. ಅವರು ಎಡವಿಯಾರೆಂಬ ಆತಂಕವಿದೆ. ನಾವು ನಿಂತರೆ ನಮ್ಮ ಅಗತ್ಯವೇ ಮುಗಿದೀತೆಂಬ ಅವ್ಯಕ್ತವಾದ ಭಯವೂ ಇದೆ. ಈ ಭಯ ಮನುಷ್ಯ ಸಹಜವಾದದ್ದು. ಅದಕ್ಕಾಗಿ ಯಾರೂ ನಾಚಬೇಕಿಲ್ಲ. ಆದರೆ ನಾವು ಜೊತೆಜೊತೆಗೆ ಓಡುತ್ತಿರುವವರೆಗೂ ನಮ್ಮ ಚೈತನ್ಯ ನಮ್ಮಲ್ಲೇ ಉಳಿದಿರುತ್ತದೆ. ಮುಂದಿನವರು ನಮ್ಮ ವೇಗದಲ್ಲೇ ಸಾಗುತ್ತಾರೆ. ತಮ್ಮ ವೇಗವನ್ನು ಕಾಣುವುದಿಲ್ಲ. ನಾವು ನಿಂತಾಗ ಮಾತ್ರ ನಮ್ಮಿಂದ ಅವರಿಗೆ ಏನೋ ದಾಟುತ್ತದೆ. ಅವರು ನಮಗಿಂತ ಮುಂದೆ ಹೋಗುತ್ತಾರೆ. ಆ ದೂರವನ್ನು ನಾವು ಅಗಲಿಕೆಯೆಂದು ಭಾವಿಸುತ್ತೇವೆ. ಅದು ನಮ್ಮ ಓಟದ ಫಲ.

ಆದರೆ ನಿಲ್ಲುವುದೆಲ್ಲವೂ ಕೊಡುಗೆಯಾಗುವುದಿಲ್ಲ. ಓಡದೆ ನಿಂತ ಕಾಲಿನಿಂದ ಭರ್ಜಿಗೆ ಏನೂ ದೊರೆಯುವುದಿಲ್ಲ. ಬೀಸದೆ ನಿಂತ ಕೈಯಿಂದ ಚಾವಟಿ ಎಚ್ಚರಗೊಳ್ಳುವುದಿಲ್ಲ. ಕೆಸರಿನ ಮೇಲಿಟ್ಟ ಆನಿಕೆ ಹೊರೆ ಬಿದ್ದೊಡನೆ ಹೂತುಹೋಗುತ್ತದೆ. ನಿಶ್ಚಲತೆಗೆ ಹಿಂದೊಂದು ಪರಿಶ್ರಮ ಬೇಕು, ಅಡಿಯಲ್ಲೊಂದು ದೃಢತೆ ಬೇಕು. ಜಡತ್ವವೂ ಸ್ಥೈರ್ಯವೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಭಾರ ಬಿದ್ದಾಗ ಮಾತ್ರ ಬೇರೆಯಾಗುತ್ತವೆ. ಅದರಂತೆ ನಿಲ್ಲುವ ಕಾಲವೂ ಮುಖ್ಯ. ಬೇಗ ನಿಂತರೆ ಕೊಡಲು ಏನೂ ಕೂಡಿರುವುದಿಲ್ಲ. ತಡವಾಗಿ ನಿಂತರೆ ಕೊಡಬೇಕಾದ ಗಳಿಗೆ ಮೀರಿಹೋಗಿರುತ್ತದೆ. ಎಸೆಯುವವರ ಮುಂದೆ ನೆಲದ ಮೇಲೊಂದು ಬಿಳಿಯ ಗೆರೆ ಇರುತ್ತದೆ. ಅದನ್ನು ದಾಟಿದರೆ ಎಷ್ಟೇ ದೂರದ ಎಸೆತವೂ ಲೆಕ್ಕಕ್ಕೆ ಬರುವುದಿಲ್ಲ. ಬದುಕು ನಮಗೆ ಅಂಥ ಗೆರೆಯನ್ನು ಎಳೆದು ಕೊಡುವುದಿಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ನಾವು ಪ್ರತಿಯೊಂದು ಸಂಬಂಧದಲ್ಲೂ ಹೊಸದಾಗಿ ಕಂಡುಕೊಳ್ಳಬೇಕು. ಕೆಲವೊಮ್ಮೆ ಕಂಡುಕೊಳ್ಳುತ್ತೇವೆ, ಕೆಲವೊಮ್ಮೆ ಎಡವುತ್ತೇವೆ. ಎಡವಿದ ಮೇಲೂ ಮರುದಿನ ಇನ್ನೊಂದು ಓಟ, ಇನ್ನೊಂದು ನಿಲುಗಡೆ ನಮಗೆ ದೊರೆಯುತ್ತದೆ.

ಚಾವಟಿಯ ನಿಯಮ ಒಳಿತನ್ನು ಮಾತ್ರ ಸಾಗಿಸುವುದಿಲ್ಲ. ಕಹಿಯನ್ನೂ ಅದೇ ಕ್ರಮದಲ್ಲಿ ಸಾಗಿಸುತ್ತದೆ. ಮೇಲಧಿಕಾರಿಯ ಮುಖದಲ್ಲಿ ಮೂಡಿದ ಒಂದು ಅಸಹನೆ ಕಚೇರಿಯಲ್ಲಿ ಒಂದು ಮಾತಾಗುತ್ತದೆ. ಆ ಮಾತು ಸಂಜೆ ಮನೆಗೆ ಬರುತ್ತದೆ. ಊಟದ ತಟ್ಟೆಯ ಮುಂದೆ ಸಿಡುಕಾಗುತ್ತದೆ. ಆ ಸಿಡುಕು ಅಡುಗೆಮನೆಯನ್ನು ದಾಟಿ, ಲೋಟ ಚೆಲ್ಲಿದ ಮಗುವಿನ ಮೇಲೆ ಎರಗುತ್ತದೆ. ಪ್ರತಿ ಹಂತದಲ್ಲೂ ಅದನ್ನು ಪಡೆಯುವವರು ಹಿಂದಿನವರಿಗಿಂತ ಸಣ್ಣವರು, ಹಗುರವಾದವರು. ಆದ್ದರಿಂದ ಪ್ರತಿ ಹಂತದಲ್ಲೂ ಅದರ ವೇಗ ಹೆಚ್ಚುತ್ತದೆ. ಎಲ್ಲಿ ಮೊದಲಾಯಿತೋ ಅಲ್ಲಿ ಅದು ಒಂದು ಹುಬ್ಬುಗಂಟಿನಷ್ಟೇ ಇತ್ತು. ಎಲ್ಲಿ ಮುಗಿಯಿತೋ ಅಲ್ಲಿ ಸಿಡಿಲಾಯಿತು. ಹಿಡಿಗೆ ತುದಿಯ ವೇಗ ತಿಳಿಯುವುದಿಲ್ಲ. ತಾನು ಸ್ವಲ್ಪವೇ ಚಲಿಸಿದೆನೆಂದು ಅದು ಪ್ರಾಮಾಣಿಕವಾಗಿಯೇ ನಂಬಿರುತ್ತದೆ. ಚಾವಟಿಯನ್ನು ಬಳಸುವವರು ಬಲ್ಲ ಸಂಗತಿಯೊಂದಿದೆ. ಹಿಡಿ ವರ್ಷಗಟ್ಟಲೆ ಬಾಳುತ್ತದೆ. ತುದಿಯ ಎಳೆ ಮಾತ್ರ ಬೇಗ ನುಲಿ ಬಿಚ್ಚಿ, ನಾರುನಾರಾಗಿ ಹರಿದುಹೋಗುತ್ತದೆ. ಅದನ್ನು ಆಗಾಗ ಬದಲಿಸಬೇಕಾಗುತ್ತದೆ. ಚಾವಟಿಗೆ ಹೊಸ ಎಳೆ ಕಟ್ಟಬಹುದು. ಮನೆಯ ಕೊನೆಯಲ್ಲಿ ನಿಂತ ಮಗುವಿನ ಮನಸ್ಸಿಗೆ ಬದಲಿ ಎಳೆ ಇಲ್ಲ.

ಚಾವಟಿಯ ಬಾರಿಗೆ ಬೇರೆ ದಾರಿಯಿಲ್ಲ. ತನಗೆ ಬಂದದ್ದನ್ನು ಅದು ಮುಂದೆ ಸಾಗಿಸಲೇಬೇಕು. ಮನುಷ್ಯನಿಗೆ ಬೇರೆ ದಾರಿಯಿದೆ. ಅದನ್ನೂ ದೇಹವೇ ಕಲಿಸುತ್ತದೆ. ಭರ್ಜಿ ಕೈಬಿಟ್ಟ ಮೇಲೆ ಎಸೆತ ಮುಗಿಯಿತೆಂದು ನಾವು ಅದರ ಹಾರಾಟವನ್ನು ನೋಡುತ್ತೇವೆ. ಆದರೆ ಎಸೆದ ತೋಳಿನಲ್ಲಿ ಇನ್ನೂ ಅಪಾರ ವೇಗ ಉಳಿದಿರುತ್ತದೆ. ಅದನ್ನು ತಡೆಯುವುದು ಭುಜದ ಹಿಂಬದಿಯ ಪುಟ್ಟ ಸ್ನಾಯುಗಳು. ಅವು ಜಗ್ಗಿ ಉದ್ದವಾಗುತ್ತಲೇ ಬಿಗಿಹಿಡಿದು, ಆ ವೇಗವನ್ನು ತಮ್ಮೊಳಗೆ ಹೀರಿ ಶಮನಗೊಳಿಸುತ್ತವೆ. ಅವು ಸೋತರೆ ಕೀಲು ನೋಯುತ್ತದೆ. ನೀರಜ್ ಎಸೆದ ನಂತರ ಮುಂದಕ್ಕೆ ಬಾಗಿ ಎರಡೂ ಅಂಗೈಗಳನ್ನು ನೆಲಕ್ಕೂರಿ ಬೀಳುವುದನ್ನು ನಾವು ಕಂಡಿದ್ದೇವೆ. ಉಳಿದ ಓಟವನ್ನು ಅವರು ಗೆರೆಯೊಳಗೇ ನೆಲಕ್ಕೆ ಒಪ್ಪಿಸುತ್ತಾರೆ. ಕೊಡುವುದಕ್ಕೆ ಬೇಕಾದಷ್ಟೇ ಪರಿಶ್ರಮ ತಡೆಯುವುದಕ್ಕೂ ಬೇಕು. ಹೊರಗಿನಿಂದ ಬಂದ ಕಟುಮಾತೊಂದನ್ನು ಬಾಗಿಲಿನಲ್ಲೇ ತಡೆದು, ಒಳಗಿರುವವರಿಗೆ ತಾಕದಂತೆ ನುಂಗಿಕೊಂಡವರ ಶ್ರಮವನ್ನು ಯಾರೂ ಕಾಣುವುದಿಲ್ಲ. ಸಿಡಿಯದೆ ಹೋದ ಸದ್ದಿಗೆ ಸಾಕ್ಷಿಯಿಲ್ಲ. ಆ ಸಂಜೆ ಮಗು ಎಂದಿನಂತೆ ಆಡಿಕೊಂಡಿತ್ತು; ಆಗಬಹುದಾಗಿದ್ದದ್ದು ಅದಕ್ಕೆ ತಿಳಿಯಲೇ ಇಲ್ಲ. ನುಂಗಿಕೊಂಡದ್ದೆಲ್ಲ ಒಳಗೆ ಕೊಳೆಯಬಾರದು, ನಿಜ. ಅದಕ್ಕೂ ಒಂದು ನೆಲ ಬೇಕು. ಆಪ್ತರೊಡನೆ ಒಂದು ಮಾತು, ಒಂದು ನಡಿಗೆ, ಒಂದು ಪ್ರಾರ್ಥನೆ, ಒಂದು ರಾತ್ರಿಯ ನಿದ್ರೆ. ಸ್ನಾಯುವಿಗೂ ವಿಶ್ರಾಂತಿ ಬೇಕಾಗುತ್ತದೆ.

ಹೀಗೆ ಯೋಚಿಸಿದಾಗ ನಮ್ಮಲ್ಲಿ ಯಾರೂ ಸದಾ ಹಿಡಿಯಲ್ಲ, ಸದಾ ತುದಿಯಲ್ಲ, ಸದಾ ಆನಿಕೆಯೂ ಅಲ್ಲವೆಂಬುದು ತಿಳಿಯುತ್ತದೆ. ಬೆಳಿಗ್ಗೆ ಒಬ್ಬರ ಅಸಹನೆಗೆ ನಾವು ತುದಿಯಾಗಿರುತ್ತೇವೆ. ಮಧ್ಯಾಹ್ನ ಇನ್ನೊಬ್ಬರಿಗೆ ಹಿಡಿಯಾಗಿರುತ್ತೇವೆ. ಸಂಜೆ ಇಬ್ಬರ ನಡುವೆ ಕುಳಿತು ಎರಡೂ ಕಡೆಯ ಭಾರ ಹೊರುತ್ತೇವೆ. ನಮ್ಮನ್ನು ದಾಟಿಹೋಗುವ ಶಕ್ತಿಯಲ್ಲಿ ನಾವು ಹುಟ್ಟಿಸಿದ್ದು ಬಹಳ ಕಡಿಮೆ. ಹಿಂದಿನವರು ನಿಂತು ಕೊಟ್ಟದ್ದು ಅದು. ಅದನ್ನು ಎಲ್ಲಿ ಹರಿಯಬಿಡಬೇಕು, ಎಲ್ಲಿ ತಡೆಯಬೇಕು ಎಂಬ ವಿವೇಚನೆ ಮಾತ್ರ ನಮ್ಮದು. ಸನ್ನೆಗೋಲಿಗೂ ಚಾವಟಿಗೂ ಇಲ್ಲದ ಸ್ವಾತಂತ್ರ್ಯ ಇದೊಂದೇ. ನಾವು ಪಡೆದ ಅಕ್ಕರೆ, ವಿದ್ಯೆ, ಧೈರ್ಯ ನಮ್ಮಲ್ಲೇ ನಿಂತುಬಿಡದೆ ಕಿರಿಯರ ಕೈಗೆ ದಾಟಲಿ. ನಮಗೆ ತಾಕಿದ ಅವಮಾನ, ನಮ್ಮ ಮೇಲೆ ಬಿದ್ದ ಕೋಪ ನಮ್ಮನ್ನು ದಾಟಿ ಮುಂದೆ ಹೋಗದಿರಲಿ. ಎರಡಕ್ಕೂ ಬೇಕಾದದ್ದು ನಿಲ್ಲುವ ಒಂದೇ ಸಾಮರ್ಥ್ಯ. ಒಮ್ಮೆಗೇ ಅದು ಬರುವುದಿಲ್ಲ. ಬಂಡೆಯೂ ಏಳುವುದು ಎರಡೆರಡು ಸೆಂಟಿಮೀಟರ್. ಇಂದು ಒಂದು ಮಾತಿನ ಎದುರು, ಒಂದು ಗಳಿಗೆಯ ಮಟ್ಟಿಗೆ ನಾವು ನಿಲ್ಲಬಲ್ಲೆವಾದರೆ ಇಂದಿನ ಅಭ್ಯಾಸಕ್ಕೆ ಅಷ್ಟು ಸಾಕು.